ಕೊರಳಲ್ಲಿ ಅಜ್ಜಿಯ ಲಿಂಗ, ಎದುರಿಗೆ ಇಂಟರ್‌ವ್ಯೂ

ಹೋದ ವರ್ಷ ಯುಗಾದಿ ಮುಗಿದ ಮರುವಾರದ ಮಾತು. ಎಂಬಿಬಿಎಸ್ ಪಾಸಾದ ಮೇಲೆ ಒಂದು ವರ್ಷ ಆಸ್ಪತ್ರೆಯ ಎಲ್ಲ ವಾರ್ಡುಗಳಲ್ಲಿ ದುಡಿಯಬೇಕಲ್ಲ, ಆ ಹೌಸ್ ಸರ್ಜನ್ ಕೆಲಸದ ಕೊನೇ ವಾರದಲ್ಲಿದ್ದೆ ನಾನು. ಹುಬ್ಬಳ್ಳಿಯ ನಮ್ಮ ಕಾಲೇಜಿನ ಆಸ್ಪತ್ರೆ, ಎಲುಬಿನ ವಾರ್ಡು. ಹೌಸ್ ಸರ್ಜನ್ ಅಂದರೆ ಹೆಸರೇನೋ ದೊಡ್ಡದು. ಕೆಲಸ ಮಾತ್ರ ರಕ್ತ ತೆಗೆಯೋದು, ರಿಪೋರ್ಟ್ ತರೋದು, ಬೈಸಿಕೊಳ್ಳೋದು. ನಾನು ಮೂರರಲ್ಲೂ ಚೆನ್ನಾಗಿ ಪಳಗಿದ್ದೆ.

ಆ ಗುರುವಾರ ನನ್ನ ಜೀವನದ ಮೊದಲ ಇಂಟರ್‌ವ್ಯೂ ಇತ್ತು. ನವನಗರದ ಕಡೆ ಒಂದು ಖಾಸಗಿ ಆಸ್ಪತ್ರೆ, ಡ್ಯೂಟಿ ಡಾಕ್ಟರ್ ಹುದ್ದೆ ಒಂದೇ ಒಂದು. ಹನ್ನೊಂದೂವರೆಗೆ ಸರಿಯಾಗಿ ಬರಬೇಕು ಅಂದಿದ್ದರು. ಹಳೇ ಹುಬ್ಬಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನಮ್ಮಪ್ಪ, ಜೋಳ ಬೀಸಿಸಲು ಬಂದವರಿಗೆಲ್ಲ "ನಮ್ಮ ಸುಮಾಗ ನೌಕರಿ ಆತ್ರಿ" ಅಂತ ಆಗಲೇ ಹೇಳಿ ಮುಗಿಸಿದ್ದರು! ಸಿಗದೇ ಹೋದರೆ ಓಣಿಯಲ್ಲಿ ನಾನು ಮುಖ ಎತ್ತಿ ತಿರುಗುವಂತಿರಲಿಲ್ಲ.

ನನಗಿಂತ ಎರಡು ವರ್ಷ ಮುಂದಿದ್ದ ಕವಿತಕ್ಕ ಹಿಂದಿನ ದಿನವೇ ಪಾಠ ಮಾಡಿದ್ದಳು. "ಏನ ಕೇಳಿದ್ರೂ ಹ್ಞೂಂ ಮಾಡೇನ್ರಿ ಅನ್ನು. ಪೇಷಂಟಿಗೆ ಉಸಿರಿನ ನಳಿಕಿ ಎಷ್ಟ ಹಾಕೀರಿ ಅಂತ ಕೇಳೇ ಕೇಳ್ತಾರ. ಹನ್ನೆರಡು ಅನ್ನು. ಹತ್ತು ಅನಬ್ಯಾಡ, ಸಂಶೇ ಬರ್ತದ" ಅಂದಿದ್ದಳು. ನಾನು ಕನ್ನಡಿ ಮುಂದೆ ನಿಂತು "ಹನ್ನೆರಡು ಮೇಡಂ, ಹನ್ನೆರಡು ಮೇಡಂ" ಅಂತ ಉರು ಹೊಡೆದಿದ್ದೆ.

ನಮ್ಮ ವಾರ್ಡಿನಲ್ಲಿ ಉಪ್ಪಿನಬೆಟಗೇರಿಯ ನೀಲವ್ವಜ್ಜಿ ಇದ್ದರು. ಎಪ್ಪತ್ತು ದಾಟಿದ ಜೀವ. ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಆಪರೇಷನ್ ತಡವಾದಷ್ಟೂ ಅಜ್ಜಿಗೆ ಅಪಾಯ. ಆದರೆ ಎರಡು ದಿನ ಮೊದಲು ಥಿಯೇಟರ್ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದರು. ಕಾರಣ ಕೊರಳಲ್ಲಿದ್ದ ಇಷ್ಟಲಿಂಗ. ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಸಣ್ಣ ಹುಡುಗಿಯಿದ್ದಾಗ ಕಟ್ಟಿದ್ದು, ಪೂಜೆಗೆ ಅಂಗೈಗೆ ಬರೋದು ಬಿಟ್ಟರೆ ಅಜ್ಜಿಯ ಮೈ ಬಿಟ್ಟು ಹೋದದ್ದೇ ಇಲ್ಲವಂತೆ. ಅರಿವಳಿಕೆ ಡಾಕ್ಟರು ಮೈಮೇಲೆ ಬೆಳ್ಳಿ ಬಂಗಾರ ಏನೂ ಇರಕೂಡದು ಅಂದರು. ಅಜ್ಜಿ ಬಳೆ ತೆಗೆದರು, ಮೂಗುಬಟ್ಟು ತೆಗೆದರು, ಲಿಂಗಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ.

ಗುರುವಾರ ಬೆಳಿಗ್ಗೆ ಮತ್ತೆ ಅದೇ ರಗಳೆ. ನಮ್ಮ ವಾರ್ಡಿನ ದೊಡ್ಡ ಡಾಕ್ಟರ್ ಸರ್ ನನ್ನ ಕಡೆ ತಿರುಗಿ, "ಸುಮಾ, ನೀನೇ ಒಪ್ಪಿಸು" ಅಂದು ಹೋದರು.

"ಅಜ್ಜಿ, ನಿಮ್ಮ ಮಗನ ಕೈಯಾಗ ಕೊಡ್ರಿ. ಅಂವ ಹಿಡಕೊಂಡ ಕೂಡ್ತಾನ" ಅಂದೆ.

ಅಜ್ಜಿ ಮಗನ ಕಡೆ ಒಮ್ಮೆ ನೋಡಿದರು. ಈರಣ್ಣಗೆ ಐವತ್ತು ದಾಟಿತ್ತು, ಬಾಯಿ ತುಂಬ ಗುಟಕಾ. "ಇವನ ಕೈಯಾಗೇನ? ಹೋದ ತಿಂಗಳ ಸಂತಿಗೆ ಕರಕೊಂಡ ಹೋದ ಹೆಂಡ್ತಿನ್ನ ಅಲ್ಲೇ ಬಿಟ್ಟ ಮನಿಗೆ ಬಂದಾನ ಇಂವ!"

ಈರಣ್ಣನ ಹೆಂಡತಿ ಶಾಂತವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಜ್ಜಿ ನನ್ನ ಕಡೆ ಬೆರಳು ಮಾಡಿದರು. "ತಂಗಿ, ನೀ ಹಾಕ್ಕೊ."

"ಅಜ್ಜಿ, ನಮ್ಮ ಮನ್ಯಾಗ ಲಿಂಗಾ ಕಟ್ಟೂದಿಲ್ರಿ."

"ಕೈ ತೊಳದೀ ಇಲ್ಲ?"

"ಮುಂಜಾನಿಂದ ಹತ್ತ ಸರ್ತಿ ತೊಳದೇನ್ರಿ."

"ಮತ್ತೇನ? ಬಾ ಇಲ್ಲೆ."

ಹಣೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ತಾವೇ ನನ್ನ ಕೊರಳಿಗೆ ಹಾಕಿದರು. "ಕೆಳಗ ಇಡಬ್ಯಾಡ. ಯಾರ ಕೈಯಾಗೂ ಕೊಡಬ್ಯಾಡ. ಅದು ಕೊರಳಾಗ ಇರೂತನಾ ಸುಳ್ಳ ಹೇಳಬ್ಯಾಡ. ಮತ್ತ ನಾ ಹೊರಗ ಬಂದಾಗ ನೀ ಬಾಗಲದಾಗ ಇರಬೇಕ."

"ಇರ್ತೇನ್ರಿ ಅಜ್ಜಿ" ಅಂದುಬಿಟ್ಟೆ. ಒಂಬತ್ತಕ್ಕೆ ಆಪರೇಷನ್ ಶುರುವಾದರೆ ಹತ್ತೂವರೆಗೆ ಹೊರಗೆ, ಆಮೇಲೆ ಆರಾಮಾಗಿ ಇಂಟರ್‌ವ್ಯೂ. ಇದು ನನ್ನ ಲೆಕ್ಕಾಚಾರ.

ಥಿಯೇಟರಿನಲ್ಲಿ ಯಾವತ್ತು ಹೇಳಿದ ಹೊತ್ತಿಗೆ ಶುರುವಾಗಿದೆ? ಅಜ್ಜಿಯನ್ನು ಒಳಗೆ ಕರೆದುಕೊಂಡರು ನಿಜ, ಆದರೆ ಮೊದಲಿನವರ ಆಪರೇಷನ್ ಎಳೆಯುತ್ತಾ ಹೋಗಿ ಅಜ್ಜಿಯ ಸರದಿ ಬಂದಾಗ ಹತ್ತೂವರೆ. ಹನ್ನೊಂದಕ್ಕೆ ನಾನು ಬಾಗಿಲ ಮುಂದೆ ಕಾಲು ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ಸುತ್ತುತ್ತಿದ್ದೆ. ಲಿಂಗ ತೆಗೆದಿಡುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಹೋಗದಿದ್ದರೆ ನೌಕರಿ ಹೋಯಿತು.

"ಯಾಕ್ರಿ ಡಾಕ್ಟರ್ ಬಾಯಾರ, ಮಾರಿ ಹಿಂಗ್ಯಾಕ ಮಾಡೀರಿ?" ಅಂತ ಈರಣ್ಣ ಕೇಳಿದ. ಹೇಳಿದೆ. ಅವನು ಎದ್ದು ಹೋಗಿ ಗುಟಕಾ ಉಗುಳಿ, ಬಾಯಿ ಮುಕ್ಕಳಿಸಿ, ಗಾಡಿಯ ಚಾವಿ ಹಿಡಿದು ಬಂದ.

"ನಡ್ರಿ. ಅವ್ವನ ಲಿಂಗಾ ಎಲ್ಲಿ ಹೋಗತೈತೋ ಅಲ್ಲಿ ನಾನೂ ಬರಾಂವ. ಇಲ್ಲಾಂದ್ರ ಆಕಿ ನನ್ನ ಜೀವಂತ ಬಿಡೂದಿಲ್ಲ. ಅವ್ವನ್ನ ಹೊರಗ ತರೂ ಹೊತ್ತಿಗೆ ಶಾಂತಾ ಫೋನ್ ಮಾಡ್ತಾಳ, ಅಷ್ಟರಾಗ ತಿರಗಿ ಬರೂಣು."

ತಪ್ಪು ಅಂತ ಗೊತ್ತಿತ್ತು. ಆದರೂ ಹತ್ತಿದೆ. ಇಸ್ತ್ರಿ ಮಾಡಿದ ಚೂಡಿದಾರ, ದುಪಟ್ಟಾ ಅಡಿಯಲ್ಲಿ ಅಜ್ಜಿಯ ದೇವರು, ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಎದೆಗೊತ್ತಿ ಹಿಡಿದ ಕರಡಿಗೆ. ಉಣಕಲ್ ಕೆರೆ ದಾಟುವಾಗ ಈರಣ್ಣ ಹಿಂದೆ ತಿರುಗಿ "ಗಟ್ಟಿ ಹಿಡದೀರಿಲ್ರಿ?" ಅಂತ ಮೂರು ಸಲ ಕೇಳಿದ. ನನ್ನ ಬಗ್ಗೆ ಅಲ್ಲ, ಲಿಂಗದ ಬಗ್ಗೆ.

ಒಳಗೆ ಇಬ್ಬರು ಕೂತಿದ್ದರು. ಆಸ್ಪತ್ರೆಯ ಯಜಮಾನಿ, ವಯಸ್ಸಾದ ಡಾಕ್ಟರ್ ಮೇಡಂ. ಪಕ್ಕದಲ್ಲಿ ಪೆನ್ನು ಹಿಡಿದ ಮ್ಯಾನೇಜರ್. ನಾಲ್ಕು ಮಾತು ಆದ ಮೇಲೆ ಬಂದೇ ಬಿಟ್ಟಿತು ಪ್ರಶ್ನೆ.

"ಉಸಿರಿನ ನಳಿಕೆ ಎಷ್ಟು ಪೇಷಂಟಿಗೆ ಹಾಕಿದ್ದೀರಿ?"

ಹನ್ನೆರಡು ನಾಲಿಗೆ ತುದಿಗೆ ಬಂದು ನಿಂತಿತ್ತು. ಎದೆಯ ಮೇಲೆ ಕರಡಿಗೆ ತಣ್ಣಗೆ ತಾಗುತ್ತಿತ್ತು. ನಾನು ಅಷ್ಟೊಂದು ದೈವಭಕ್ತಳೇನಲ್ಲ, ಆದರೆ ಆ ಹೊತ್ತಿಗೆ ಸುಳ್ಳು ಹೇಳಲು ಬಾಯಿ ಬರಲೇ ಇಲ್ಲ.

"ಒಂದು, ಮೇಡಂ."

"ಒಂದಾ?"

"ಮೂರು ಸಲ ಹಾಕಲು ನೋಡಿದೆ. ಎರಡು ಸಲ ಆಗಲಿಲ್ಲ, ಸರ್ ಹಾಕಿದರು. ಒಂದು ನಾನೇ ಹಾಕಿದೆ. ಆಗಲೂ ಸರ್ ನನ್ನ ಕೈ ಹಿಡಿದಿದ್ದರು."

ಮ್ಯಾನೇಜರ್ ಕೇಳಿದರು, "ಎರಡು ವರ್ಷ ನಮ್ಮಲ್ಲೇ ಇರ್ತೀರಾ?"

"ಪಿಜಿ ಸೀಟು ಸಿಕ್ಕರೆ ಇರೋದಿಲ್ಲ ಸರ್."

"ನಮ್ಮ ಆಸ್ಪತ್ರೆಯನ್ನೇ ಯಾಕೆ ಆರಿಸಿಕೊಂಡಿರಿ?"

"ಮನೆಯಿಂದ ಬರೋದು ಸಲೀಸು ಸರ್."

ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ಮುಗೀತು ಕಥೆ, ಅಪ್ಪ ಇನ್ನು ಗಿರಣಿ ಮುಚ್ಚಿ ಊರು ಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಈರಣ್ಣ! ಅವನ ತೋಳಿಗೆ ಜೋತುಬಿದ್ದ ವಾಚ್‌ಮನ್.

"ಬಾಯಾರ, ಅವ್ವನ್ನ ಹೊರಗ ತರಾಕತ್ತಾರಂತ! ಲಗೂ ಬರ್ರಿ!"

ಮೇಡಂ ಕನ್ನಡಕ ತೆಗೆದರು. "ಯಾರಿವರು?"

"ನನ್ನ ಪೇಷಂಟಿನ ಮಗ, ಮೇಡಂ" ಅಂದವಳು ದುಪಟ್ಟಾ ಸರಿಸಿ ಕರಡಿಗೆ ತೋರಿಸಿ, ಅಜ್ಜಿ ಹಾಕಿದ ಷರತ್ತುಗಳನ್ನೂ ಸೇರಿಸಿ ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಮೇಡಂ ಕರಡಿಗೆ ನೋಡಿದರು, ನನ್ನನ್ನು ನೋಡಿದರು. "ಮತ್ತ ಇನ್ನೂ ಇಲ್ಲೇ ಯಾಕ ನಿಂತೀಯವ್ವಾ? ಓಡು!" ಅಂದರು.

ಓಡಿದೆ. ಈರಣ್ಣ ಹೇಗೆ ಗಾಡಿ ಹೊಡೆದನೋ ಅವನಿಗೇ ಗೊತ್ತು. ಆದರೂ ನಾವು ಮುಟ್ಟುವಾಗ ಅಜ್ಜಿ ಹೊರಗೆ ಬಂದು ಹತ್ತು ನಿಮಿಷವಾಗಿತ್ತು.

ಸ್ಟ್ರೆಚರ್ ಬಾಗಿಲಲ್ಲೇ ನಿಂತಿತ್ತು. ವಾರ್ಡಿಗೆ ಒಯ್ಯಲು ಬಂದವರಿಬ್ಬರು ಸುಮ್ಮನೆ ನಿಂತಿದ್ದರು, ಯಾಕೆಂದರೆ ಅಜ್ಜಿ ಒಂದು ಕೈಯಲ್ಲಿ ಬಾಗಿಲ ಹಿಡಿಕೆ ಭದ್ರವಾಗಿ ಹಿಡಿದಿದ್ದರು. "ಆ ತಂಗಿ ಬರೂತನಾ ನಾ ಕದಲಾಕಿ ಅಲ್ಲ" ಅಂತ ಹಟ. ಇನ್ನೊಂದು ಕೈ ಬರಿದಾದ ಕೊರಳಲ್ಲಿ ಹುಡುಕಾಡುತ್ತಿತ್ತು. ಸೊಂಟದಿಂದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಅಜ್ಜಿ ಪೂರ್ತಿ ಎಚ್ಚರವಿದ್ದರು. ಆಪರೇಷನ್ ನಡೆದಷ್ಟು ಹೊತ್ತೂ "ಡಾಕ್ಟರ್ ಹುಡುಗಿ ಹೊರಗ ಅದಾಳಿಲ್ಲ?" ಅಂತ ಕೇಳಿದ್ದರಂತೆ. ಸಿಸ್ಟರ್ ಪ್ರತಿ ಸಲವೂ "ಅದಾಳ್ರಿ" ಅಂದಿದ್ದರಂತೆ.

"ಎಲ್ಲಿ ಹೋಗಿದ್ದಿ?" ಅಂತ ಅಜ್ಜಿ ಕೇಳಿದರು.

ಹಿಂದೆ ನಿಂತಿದ್ದ ಶಾಂತವ್ವ ಕೈಸನ್ನೆಯಲ್ಲಿ ಚಹಾ ಅನ್ನು, ಚಹಾ ಅನ್ನು ಅಂತ ತೋರಿಸುತ್ತಿದ್ದಳು. ಲಿಂಗ ಇನ್ನೂ ನನ್ನ ಕೊರಳಲ್ಲೇ ಇತ್ತು.

"ನೌಕರಿ ಕೇಳಾಕ ಹೋಗಿದ್ದೆ ಅಜ್ಜಿ. ತಪ್ಪಾತ್ರಿ" ಅಂದೆ. ಅಳು ಬಂದೇ ಬಿಟ್ಟಿತು.

ಅಜ್ಜಿ ಕೈ ಚಾಚಿದರು. ಕರಡಿಗೆ ತೆಗೆದು ಅಂಗೈಯಲ್ಲಿಟ್ಟೆ. ಕಣ್ಣು ಮುಚ್ಚಿ ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು.

"ಇಷ್ಟ ವರ್ಷಾತು, ನಾ ಅಂವಗ ಏನೂ ಬೇಡಿಲ್ಲ. ಕಾಲ ಮುರದಾಗ ಸೈತ ಬೇಡಿಲ್ಲ. ನೀ ಮೂರ ತಾಸ ಕೊರಳಾಗ ಹಾಕ್ಕೊಂಡ ಸೀದಾ ನೌಕರಿ ಬೇಡಾಕ ಕರಕೊಂಡ ಹೋದೀಯಲ್ಲ, ಭಲೇ ಹುಡುಗಿ ಅದಿ!"

ಸ್ಟ್ರೆಚರ್ ಹಿಡಿದವರೂ ಸೇರಿ ಎಲ್ಲರೂ ನಕ್ಕರು. ನಾನು ಅಳುತ್ತಲೇ ನಕ್ಕೆ.

ಶನಿವಾರ ಆ ಮೇಡಂ ಸ್ವತಃ ಫೋನ್ ಮಾಡಿದರು. ಮೊದಲು ಅಜ್ಜಿಯ ಕಾಲು ಹೇಗಿದೆ ಅಂತ ಕೇಳಿದರು. ಆಮೇಲೆ, "ಒಂದ ಪ್ರಶ್ನಿ ಉಳದಿತ್ತು. ಅವತ್ತ ಕೊರಳಾಗ ಲಿಂಗಾ ಇರ್ಲಿಲ್ಲಂದ್ರ ನಳಿಕಿ ಎಷ್ಟ ಹಾಕೇನಿ ಅಂತಿದ್ದಿ?" ಅಂದರು.

ಈಗ ಕೊರಳು ಖಾಲಿಯಿತ್ತು. ಏನು ಬೇಕಾದರೂ ಹೇಳಬಹುದಿತ್ತು.

"ಹನ್ನೆರಡು, ಮೇಡಂ."

ಆ ಕಡೆಯಿಂದ ಕೆಮ್ಮು ಬರುವಷ್ಟು ನಗು. "ಉಳದಾವ್ರು ಹದಿನೈದು, ಇಪ್ಪತ್ತ ಅಂದ್ರು. ಸೋಮವಾರ ಬಾ. ನಳಿಕಿ ಹಾಕೂದು ನಾ ಕಲಸ್ತೇನಿ."

ಅಪ್ಪನ ಮಾತು ಉಳಿಯಿತು. ಅಲ್ಲೇ ಈಗಲೂ ಕೆಲಸ ಮಾಡುತ್ತಿದ್ದೇನೆ. ಈ ಕಥೆ ಹೇಳಿದಾಗಲೆಲ್ಲ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಅಜ್ಜಿ ಬಾಗಿಲಲ್ಲಿ ನನಗಾಗಿ ಕಾದ ಆ ಹತ್ತು ನಿಮಿಷ ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಥಿಯೇಟರಿಗೆ ಹೋಗುವ ಪೇಷಂಟ್ ನನ್ನ ಕೈ ಹಿಡಿದು "ಇರ್ತೀರಿಲ್ರಿ?" ಅಂತ ಕೇಳಿದರೆ, ಮೊದಲಿನಂತೆ ಥಟ್ಟನೆ ಹ್ಞೂಂ ಅನ್ನೋದಿಲ್ಲ. ಒಂದು ಕ್ಷಣ ಯೋಚನೆ ಮಾಡುತ್ತೇನೆ. ಇರೋದಾದರೆ ಮಾತ್ರ ಇರ್ತೇನ್ರಿ ಅನ್ನುತ್ತೇನೆ, ಅಂದ ಮೇಲೆ ಅಲ್ಲಿಂದ ಕದಲೋದಿಲ್ಲ.