ಕಮಾಲಸಾಬರ ಚಾ
ಕಾಡಿನ ಸರ್ವೆಗೆ ಬಂದವರ ಎದುರಿಗೇ ಕೂಡ್ಲಿಗಿಯ ಮೆಕ್ಯಾನಿಕ್ ಕಮಾಲಸಾಬ ತನ್ನನ್ನು ಬೈದದ್ದನ್ನು ಅವರ ಜೀಪಿನ ಡ್ರೈವರ್ ಉಜ್ಜಿನಪ್ಪ ಇವತ್ತಿಗೂ ಮರೆತಿಲ್ಲ. ಕಾಡಿನ ದಾರಿಗೆ ಹೊರಟ ಯಾವ ಜೀಪನ್ನೂ ಆ ಮುದುಕ ಸುಮ್ಮನೆ ಬಿಟ್ಟವನಲ್ಲ. ಸೀಟಿನಡಿಯ ಪೆಟ್ರೋಲ್ ಕ್ಯಾನು ಎಳೆದು, ಮುಚ್ಚಳ ಮೂಸಿ, ಕಂಠಮಟ್ಟ ತುಂಬಿದ್ದರೆ ನಾಲ್ಕು ಬೆರಳಷ್ಟು ತೆಗೆಯುವನು. "ಬಿಸಿಲಿಗೆ ಅದೂ ಉಬ್ಬತೈತಲೇ! ಮಂದಿ ಕಾಲಬುಡಕ ಬೆಂಕಿ ಇಟಗೊಂಡು ಹೊಂಟೀಯೇನು?" ಎಂದು ಗದರುತ್ತಲೇ ಅದನ್ನು ಜೀಪಿನ ಹಿಂದೆ, ಹೊರಗಡೆ ಬಿಗಿಯುವನು. ಆಮೇಲೆ, "ಚಾ ಕುಡುದು ಹೋಗು" ಎನ್ನುವನು. "ನಿಮ್ಮ ಬೈಗಳದಿಂದನ ಹೊಟ್ಟಿ ತುಂಬೈತಿ, ಸಾಬ್ರ" ಎಂದು ಉಜ್ಜಿನಪ್ಪ ಪ್ರತಿಸಲವೂ ಹೊರಟುಬಿಡುತ್ತಿದ್ದ. ಕಡುಬೇಸಿಗೆಯಲ್ಲೂ ಸಾಬ ತುಂಬುತೋಳಿನ ಅಂಗಿಯನ್ನೇ ತೊಡುತ್ತಿದ್ದ. ಒಮ್ಮೆ ತೋಳು ಸರಿದಾಗ ಮೊಣಕೈವರೆಗೂ ಸುಟ್ಟ ಚರ್ಮ ಕಂಡಿತು. "ನನ್ನ ತಮ್ಮ ಕ್ಯಾನು ಸೀಟಿನಡಿ ಇಟ್ಟಿದ್ದ. ಬೆಂಕಿ ಹತ್ತಿದಾಗ ಅವನನ್ನ ಎಳಿಯಾಕ ಹೋದೆ, ಕೈಗೆ ಸಿಗಲಿಲ್ಲ" ಎಂದಷ್ಟೇ ಅಂದ. ಆ ವಾರವೇ ಗುಡ್ಡದಲ್ಲಿ ಉಜ್ಜಿನಪ್ಪನ ಜೀಪು ಜಾರಿ, ಬಂಡೆಗೆ ಬಡಿದ ಏಟಿಗೆ ಕ್ಯಾನು ಒಡೆಯಿತು. ಪೆಟ್ರೋಲೆಲ್ಲ ಹೊರಗೇ ಸುರಿಯಿತು. ಒಳಗೆ ಬೀಡಿ ಸೇದುತ್ತಿದ್ದ ಆರು ಮಂದಿ ಉಳಿದರು. ಚಾ ಕುಡಿಯಲೆಂದೇ ಉಜ್ಜಿನಪ್ಪ ಬಂದಾಗ, ಸಾಬನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು.