ಡಬ್ಬಿಯಲ್ಲಿ ಮಿಕ್ಕ ಮಾತ್ರೆಗಳು

ಸೋಮವಾರ ಬೆಳಿಗ್ಗೆ ಸೇಫ್ಟಿ ಶೂ ಕಾಲಿಗೆ ಹತ್ತಲಿಲ್ಲ. ಸೋಮವಾರ ಅಲ್ಲ, ಮಂಗಳವಾರ ಅನ್ನುತ್ತಾಳೆ ಹೆಂಡತಿ ಮಂಜುಳಾ. ಅವಳದೇ ಸರಿಯಿರಬೇಕು. ನನ್ನ ನೆನಪಿನ ಮೇಲೆ ನನಗೀಗ ನಂಬಿಕೆಯಿಲ್ಲ. ಪಾದ ಊದಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ಚಪ್ಪಲಿಯಲ್ಲೇ ಪೀಣ್ಯದ ಕಾರ್ಖಾನೆಗೆ ಹೋದೆ, ಗೇಟಿನಿಂದಲೇ ವಾಪಸ್ ಕಳಿಸಿದರು. ದಾಸರಹಳ್ಳಿಯ ಮನೆಗೆ ಬಂದು ಹೊಟ್ಟೆಯ ಬಲಭಾಗದ ಮೇಲೆ ಕೈಯಿಟ್ಟುಕೊಂಡು ಕೂತೆ. ಅಲ್ಲಿ ಅಕ್ಕನ ಕಿಡ್ನಿ ಇದೆ. ಎರಡು ವರ್ಷದ ಹಿಂದೆ ಕೊಟ್ಟಿದ್ದು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರು. ಕ್ರಿಯಾಟಿನಿನ್ 1.3 ಇದ್ದದ್ದು 3.8. ಕಿಡ್ನಿ ಸೋತಷ್ಟೂ ಏರುವ ಅಂಕಿ ಅದು.

ಬಯಾಪ್ಸಿ ರಿಪೋರ್ಟ್ ನೋಡಿ ಡಾಕ್ಟರ್ ಮೇಡಂ ಹೇಳಿದರು: "ರಿಜೆಕ್ಷನ್ ಶುರುವಾಗಿದೆ. ನಿಮ್ಮ ಬಿಳಿ ರಕ್ತಕಣಗಳಿಗೆ ಅಕ್ಕ-ತಮ್ಮ ಅನ್ನೋದೆಲ್ಲ ಗೊತ್ತಾಗಲ್ಲ. ಹೊರಗಿನದು ಅಂತ ಕಂಡ್ರೆ ಮೇಲೆ ಬೀಳ್ತವೆ. ಅವನ್ನ ತಡೆದಿಡೋಕೇ ಟ್ಯಾಕ್ರೋಲಿಮಸ್ ಮಾತ್ರೆ ಕೊಟ್ಟಿರೋದು, ಹನ್ನೆರಡು ಗಂಟೆಗೊಂದು ಸಲ. ತಪ್ಪಿಸಿದ್ರಾ?"

"ಒಂದೂ ಬಿಟ್ಟಿಲ್ಲ ಮೇಡಂ."

ಸುಳ್ಳು ಹೇಳಲಿಲ್ಲ. ಹಾಗೆಂದುಕೊಂಡಿದ್ದೆ.

ಹೊರಗೆ ಬಂದಮೇಲೆ, ಜೊತೆಗೆ ಬಂದಿದ್ದ ಅಕ್ಕ ಕೇಳಿದಳು. ಕಾರ್ಖಾನೆಯವರಿಗಾಗಿ ಊಟದ ಮೆಸ್ ನಡೆಸುವವಳು ಅವಳು. "ಅಂಗಾದ್ರೆ ನಾನು ಕೊಟ್ಟಿದ್ದೇ ಸರಿ ಇರ್ಲಿಲ್ವೇನೋ? ಮೂರೊತ್ತೂ ಒಲೆ ಮುಂದೆ ಬೆಂದಿರೋ ಕಿಡ್ನಿ."

ನಗಿಸಲು ಅಂದಳು. ಯಾರೂ ನಗಲಿಲ್ಲ.

ಅಡ್ಮಿಟ್ ಮಾಡಿ ಮೂರು ದಿನ ಸ್ಟಿರಾಯ್ಡ್ ಡ್ರಿಪ್ ಹಾಕಿದರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಲು ವಾರ್ಡಿನ ಸಿಸ್ಟರ್ ಹೇಳಿದ್ದರು. ಮಂಜುಳಾ ಸ್ಟೀಲಿನ ಡಬ್ಬಿಯೊಂದನ್ನೂ ತಂದಳು. ಒಳಗೆ ಕತ್ತರಿಸಿದ ಸ್ಟ್ರಿಪ್‌ಗಳ ಚೂರು, ಇಪ್ಪತ್ತೆರಡು ಟ್ಯಾಕ್ರೋಲಿಮಸ್.

"ಇದೇನೇ?"

"ತಿಂಗಳು ತಿಂಗಳೂ ಎರಡೋ ಮೂರೋ ಮಿಕ್ತಿತ್ತಲ್ರೀ. ಬಿಸಾಕೋದ್ಯಾಕೆ ಅಂತ ಎತ್ತಿಟ್ಟೆ."

ದಿನಕ್ಕೆರಡರಂತೆ ಎಣಿಸಿ ತರುವ, ಮಿಗಲೇಬಾರದ ಮಾತ್ರೆ ಅದು.

ಎಂಟು ತಿಂಗಳಿಂದ ಮತ್ತೆ ಶಿಫ್ಟಿಗೆ ಹೋಗುತ್ತಿದ್ದೆ. ವಾರಕ್ಕೊಂದರಂತೆ ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಪಂಚ್ ಮಾಡುವ ಹೊತ್ತಿಗೆ ಒಂದು ಮಾತ್ರೆ, ಹನ್ನೆರಡು ಗಂಟೆ ಬಿಟ್ಟು ಇನ್ನೊಂದು. ಮರೆಯದಿರಲು ನಾನೇ ಕಂಡುಕೊಂಡ ಉಪಾಯ. ಅಲಾರಂ ಇಟ್ಟು ನಿದ್ದೆಯಿಂದೆದ್ದು ನುಂಗಿದ್ದೇನೆ. ಆದರೆ ಶಿಫ್ಟ್ ಬದಲಾಗುವಾಗ? ಭಾನುವಾರ ಸಂಜೆ ಆರಕ್ಕೆ ನುಂಗಿದವನು ಮತ್ತೆ ನುಂಗುತ್ತಿದ್ದದ್ದು ಸೋಮವಾರ ಮಧ್ಯಾಹ್ನ ಎರಡಕ್ಕೆ. ಇಪ್ಪತ್ತು ಗಂಟೆ. ವಾರ ವಾರವೂ ಹೀಗೇ. ಆ ಹೆಚ್ಚಿನ ಎಂಟು ಗಂಟೆ ನನ್ನದೇ ರಕ್ತ ಅಕ್ಕನನ್ನು ಹುಡುಕಿಕೊಂಡು ಹೋಗಿದೆ. ನುಂಗಿದ ಪ್ರತಿ ಮಾತ್ರೆಯೂ ನೆನಪಿದೆ ನನಗೆ. ನುಂಗದಿದ್ದದ್ದಕ್ಕೆ ನೆನಪು ಎಲ್ಲಿಂದ ಬರಬೇಕು?

ಮೇಡಂ ಡಬ್ಬಿ ನೋಡಿದರು. "ಇದೊಂದೇ ಕಾರಣ ಅನ್ನೋಕಾಗಲ್ಲ. ಆದ್ರೆ ಸಣ್ಣ ಕಾರಣ ಅಲ್ಲ."

ಅಕ್ಕನಿಗೆ ಹೇಳಬೇಡ ಎಂದು ಮಂಜುಳಾಗೆ ಹೇಳಿದೆ.

ಐದು ದಿನ. ಅಕ್ಕ ಬರುತ್ತಿದ್ದಳು, ಉಪ್ಪಿಲ್ಲದ ಸಾರು ಕೊಟ್ಟು ಹೋಗುತ್ತಿದ್ದಳು. ಐದನೆಯ ದಿನ ಅವಳ ಚೀಲದಿಂದ ಒಂದು ಚೀಟಿ ಬಿತ್ತು. ಸ್ಕ್ಯಾನಿಂಗ್ ಚೀಟಿ, ಅವಳ ಹೆಸರಿನದು.

"ನನ್ನಲ್ಲುಳ್ದಿರೋ ಇನ್ನೊಂದೂ ಅಂಗೇ ಕೆಟ್ಟಿದ್ರೆ ಅಂತ... ನೋಡಿಸ್ಬುಡಾಣ ಅಂತ."

ಡಬ್ಬಿ ತೆಗೆದು ಅವಳ ಮಡಿಲಲ್ಲಿಟ್ಟೆ. ಎಲ್ಲ ಹೇಳಿದೆ. ಯಾವ ಮಾತು ಮೊದಲು ಆಡಿದೆನೋ ತಿಳಿಯದು. ಅವಳು ಸ್ಟ್ರಿಪ್‌ಗಳನ್ನು ಬೆರಳಿನಿಂದ ಕದಲಿಸುತ್ತಿದ್ದದ್ದು ಮಾತ್ರ ಖಚಿತ.

"ಥೂ ನಿನ್ನ. ಎಂಟನೇ ಕ್ಲಾಸಲ್ಲೂ ಲೆಕ್ಕದಲ್ಲೇ ಡುಮ್ಕಿ ಒಡ್ದಿದ್ದೆ." ಆಮೇಲೆ, ಡಬ್ಬಿ ಮುಚ್ಚುತ್ತಾ: "ಐದು ದಿನ ಕಣ್ಣು ಮುಚ್ಚಿಲ್ಲ ಕಣೋ ನಾನು."

ಕ್ರಿಯಾಟಿನಿನ್ 2.2ಕ್ಕೆ ಇಳಿದು ನಿಂತಿದೆ. ಕೆಟ್ಟ ಭಾಗ ವಾಪಸ್ ಬರುವುದಿಲ್ಲವಂತೆ. ಉಳಿದದ್ದು ಎಷ್ಟು ವರ್ಷ ಎಂದು ಮೇಡಂ ಹೇಳಲಿಲ್ಲ, ನಾನು ಕೇಳಲಿಲ್ಲ. ಅಕ್ಕನ ಸ್ಕ್ಯಾನಿಂಗ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ನನಗೀಗ ಬದಲಾಗದ ಜನರಲ್ ಶಿಫ್ಟ್. ಬೆಳಿಗ್ಗೆ ಎಂಟು, ರಾತ್ರಿ ಎಂಟು, ಮೆಸ್ಸಿನಿಂದ ಅಕ್ಕನ ಫೋನು, ಹಿಂದೆ ಕುಕ್ಕರಿನ ಕೂಗು.

"ನುಂಗಿದ್ಯಾ?"

"ನುಂಗಿದೆ."

"ನೀನ್ ಯೋಳಿದ್ರೆ ನಂಬಲ್ಲ. ಮಂಜುಳಂಗೆ ಕೊಡು."

ಕೊಡುತ್ತೇನೆ.