ಓ ಎನ್ನುತ್ತಿದ್ದ ಬೋರೇಗೌಡರು

ಬೆಳಗೊಳದ ಬಸ್ ನಿಲ್ದಾಣದಲ್ಲಿ ಯಾರಾದರೂ ‘ಬೋರೇಗೌಡ್ರೇ’ ಎಂದು ಕೂಗಿದರೆ ನಾಲ್ಕೈದು ತಲೆಗಳು ತಿರುಗುತ್ತಿದ್ದವು. ಕರೆದದ್ದು ಯಾರನ್ನೇ ಆಗಲಿ, ಮೊದಲು ‘ಓ’ ಎನ್ನುತ್ತಿದ್ದವರು ನಮ್ಮ ಎದುರುಮನೆಯ ಬೋರಣ್ಣ. ನಾಲೆಯ ಮೇಲೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿ ದುಡಿದ ಗಂಟಲು ಅದು. ಬಸ್ಸಿನ ಹಾರನ್ನಿಗೂ ಬಗ್ಗುತ್ತಿರಲಿಲ್ಲ.

ಹೆಸರಿನ ಮೂಲ ಕೇಳಿದರೆ ಕೂತ ಜಗಲಿಯಿಂದಲೇ ನಾಗಮಂಗಲದ ದಿಕ್ಕಿಗೆ ಕೈ ಮುಗಿಯುತ್ತಿದ್ದರು. “ಆ ಕಡೆ ಬೈರವ ಅವ್ನಲ್ಲ, ಅವನೇ ನಮ್ ಬಾಯಲ್ಲಿ ಬೋರ ಆದ ಕಣ್ಲಾ. ದೇವ್ರ ಹೆಸ್ರು, ಸವೆಯಕಿಲ್ಲ.” ಆಮೇಲೆ ಹೆಸರುವಾಸಿಗಳ ಸರದಿ. ಪಾಂಡವಪುರದಲ್ಲಿ ಕುಸ್ತಿ ಸೋತೂ ಹಾರ ಹಾಕಿಸಿಕೊಂಡು ಬಂದ ಬೋರೇಗೌಡ. ನಿದ್ದೆ ಹೊಡೆಯುತ್ತಲೇ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಮುಟ್ಟಿಸಿದ ಬೋರೇಗೌಡ. ದಾರಿ ನೋಡಿಕೊಂಡದ್ದು ಎತ್ತುಗಳಲ್ಲವೇ ಎಂದರೆ, ಎತ್ತುಗಳ ಹೆಸರು ಯಾರಿಗೆ ನೆನಪಿದೆ ಎನ್ನುತ್ತಿದ್ದರು. ಬಸ್ಸು ತಪ್ಪಿದರೂ ಸರಿ, ನಾನು ಆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಅಷ್ಟು ಇಷ್ಟ ನನಗೆ ಅವರೆಂದರೆ.

ಮೊಮ್ಮಗ ಹುಟ್ಟಿದಾಗ ಸೊಸೆ ಸವಿತ ಮೊಬೈಲಿನಲ್ಲಿ ಹುಡುಕಿ ಚೆಂದದ್ದೊಂದು ಹೆಸರು ಆರಿಸಿದ್ದಳು. ಬೋರಣ್ಣ ಊಟ ಬಿಟ್ಟು ಕೂತರು. ತನ್ನ ಹೆಸರು ತನ್ನೊಂದಿಗೇ ಮುಗಿಯಬಾರದು, ಇಷ್ಟೇ ಅವರ ಹಟ. ಕಡೆಗೆ ಗೆದ್ದು, ಮಗುವಿನ ಕಿವಿಯಲ್ಲಿ ತಮ್ಮದೇ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಪಿಸುಗುಟ್ಟಿದರು.

ಒಂದನ್ನು ಮಾತ್ರ ಯೋಚಿಸಿರಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ, ಸೊಸೆ ಮಾವನ ಹೆಸರೆತ್ತುವುದಿಲ್ಲ. ಅಪ್ಪನ ಹೆಸರು ಹಿಡಿದು ಗದರಲು ಮಗನಿಗೂ ನಾಲಿಗೆ ಏಳಲಿಲ್ಲ. ಮಗು ಮನೆಮಂದಿಗೆಲ್ಲ ‘ಪಾಪು’ ಆಯಿತು. ಗೆದ್ದ ಹೆಸರನ್ನು ಕೂಗಲು ಉಳಿದವರು ಬೋರಣ್ಣ ಒಬ್ಬರೇ. ಅಂಗನವಾಡಿಯಲ್ಲಿ ಟೀಚರು ಕರೆದಾಗಲೂ, ಮಗುವನ್ನು ಬಿಡಲು ಹೋಗಿದ್ದ ಇವರೇ ಅದಕ್ಕಿಂತ ಮೊದಲು ‘ಓ’ ಎಂದುಬಿಟ್ಟರಂತೆ.

“ಕೂಗವ್ವ, ನಾನೇನೂ ಅಂದ್ಕಳಕಿಲ್ಲ,” ಎಂದು ಸೊಸೆಗೆ ಒಮ್ಮೆ ನನ್ನೆದುರಿಗೇ ಹೇಳಿದರು. “ನಾನಿಲ್ದಂಗಾದ್ಮೇಲೆ ಇನ್ಯಾರು ಕೂಗಾರು?”

“ಬಾಯಿಗೆ ಬರಕಿಲ್ಲ ಮಾವ,” ಎಂದಳು ಸವಿತ. ಅವಳದೂ ತಪ್ಪಲ್ಲ.

ಹೋದ ವರ್ಷ ಬೋರಣ್ಣ ತೀರಿಕೊಂಡರು. ಆಮೇಲೆ ನಾಲೆಗೆ ನೀರು ಬಿಟ್ಟಿದ್ದ ಒಂದು ಬೆಳಿಗ್ಗೆ, ಪಾಪು ಚೆಂಡಿನ ಹಿಂದೆ ನಾಲೆಯ ಏರಿಯತ್ತ ಓಡತೊಡಗಿತು. ಸವಿತ ಬಾಗಿಲಿಂದಲೇ ‘ಪಾಪೂ, ಪಾಪೂ’ ಎಂದು ಕರೆದಳು. ಮಗು ನಿಲ್ಲಲಿಲ್ಲ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳ ಕೂಗು ಬೀದಿಗೆಲ್ಲ ಕೇಳಿತು:

“ಲೇ ಬೋರೇಗೌಡ, ನಿಂತ್ಕಳ್ಲಾ.”

ಮಗು ಗಕ್ಕನೆ ನಿಂತಿತು. ಸವಿತ ಓಡಿಹೋಗಿ ಎತ್ತಿಕೊಂಡಳು. ಅದು ಅಮ್ಮನ ಮುಖ ನೋಡಲಿಲ್ಲ; ಆ ಹೆಸರು ಯಾವತ್ತೂ ಕೇಳಿಬರುತ್ತಿದ್ದ ಜಗಲಿಯತ್ತ ನೋಡಿತು. ಸವಿತಳೂ ತಿರುಗಿದಳು, ನಾನೂ ತಿರುಗಿದೆ. ಬರುವುದಿಲ್ಲವೆಂದು ಗೊತ್ತಿದ್ದೂ ಮೂವರೂ ಸ್ವಲ್ಪ ಹೊತ್ತು ಆ ‘ಓ’ಗಾಗಿ ಕಾದೆವು.